ಲೋಹದ ಮೈಮೇಲಿನ ಅಲೆ: ಕ್ವಾಂಟಂ ಎಲ್ಲಿ ಉಳಿಯುತ್ತದೆ, ಎಲ್ಲಿ ಸೋರುತ್ತದೆ

ಗಾಜಿನ ಪಟ್ಟಕವೊಂದರ ಅಗಲ ಮುಖದ ಮೇಲೆ ಸುಮಾರು 50 ನ್ಯಾನೊಮೀಟರ್ ದಪ್ಪದ ಬೆಳ್ಳಿಯ ಲೇಪವಿದೆ. ಪಟ್ಟಕದ ಒಳಗಿನಿಂದ ಕೆಂಪು ಲೇಸರ್ ಕಿರಣ ಆ ಲೇಪದ ಮೇಲೆ ಬಿದ್ದು, ಪ್ರತಿಫಲಿಸಿ, ಎದುರಿನ ಗೋಡೆಯ ಮೇಲೆ ಪ್ರಖರವಾದ ಚುಕ್ಕೆಯಾಗಿ ಕಾಣುತ್ತದೆ. ಪಟ್ಟಕವನ್ನು ನಿಧಾನಕ್ಕೆ ತಿರುಗಿಸುತ್ತ ಹೋದರೆ, ನಲವತ್ತು ಡಿಗ್ರಿ ದಾಟಿದ ಮೇಲೆ ಒಂದು ಕೋನದಲ್ಲಿ ಗೋಡೆಯ ಚುಕ್ಕೆ ಹೆಚ್ಚುಕಡಿಮೆ ಆರಿಹೋಗುತ್ತದೆ. ಇನ್ನೊಂದೆರಡು ಡಿಗ್ರಿ ತಿರುಗಿಸಿದರೆ ಮತ್ತೆ ಮೂಡುತ್ತದೆ. ಲೇಸರ್‌ನ ಧ್ರುವೀಕರಣವನ್ನು 90 ಡಿಗ್ರಿ ಬದಲಿಸಿ ನೋಡಿದರೆ ಅದೇ ಕೋನದಲ್ಲೂ ಚುಕ್ಕೆ ಆರುವುದೇ ಇಲ್ಲ. ಗೋಚರ ಬೆಳಕನ್ನು ಹಿಂದಿರುಗಿಸುವುದರಲ್ಲಿ ಲೋಹಗಳಲ್ಲೇ ಮುಂದಿರುವ ಬೆಳ್ಳಿ, ಒಂದು ಧ್ರುವೀಕರಣದಲ್ಲಿ, ಒಂದು ಕೋನದಲ್ಲಿ ಮಾತ್ರ ಬೆಳಕನ್ನು ನುಂಗಿಬಿಡುತ್ತದೆ. 1968ರಲ್ಲಿ ಎರ್ವಿನ್ ಕ್ರೆಚ್‌ಮನ್ ಮತ್ತು ಹೈನ್ಸ್ ರೇಥರ್ ಈ ಜೋಡಣೆಯನ್ನು ವಿವರಿಸಿದರು. ಅದೇ ವರ್ಷ ಆಂಡ್ರಿಯಾಸ್ ಒಟ್ಟೊ ಪಟ್ಟಕಕ್ಕೂ ಲೋಹಕ್ಕೂ ನಡುವೆ ಕಿರಿದಾದ ಗಾಳಿಯ ಸಂದು ಬಿಟ್ಟು ಇದೇ ಪರಿಣಾಮವನ್ನು ತೋರಿಸಿದರು.

ಕಾಣೆಯಾದ ಬೆಳಕು ಲೋಹದ ಹೊರಮೈಗುಂಟ ಓಡುವ ಅಲೆಯಾಗಿರುತ್ತದೆ. ಲೋಹದ ಎಲೆಕ್ಟ್ರಾನುಗಳು ಒಂದೆಡೆ ದಟ್ಟವಾಗಿ, ಪಕ್ಕದಲ್ಲೇ ತೆಳುವಾಗಿ, ಆ ದಟ್ಟಣೆಯೇ ಮುಂದೆ ಮುಂದೆ ಸಾಗುತ್ತದೆ; ಅದರ ಜೊತೆಗೇ ಅಂಟಿಕೊಂಡು ವಿದ್ಯುತ್ ಕಾಂತೀಯ ಕ್ಷೇತ್ರವೂ ಸಾಗುತ್ತದೆ. ಮೇಲ್ಮೈಯಿಂದ ಆಚೆಗಾಗಲಿ ಈಚೆಗಾಗಲಿ ಸರಿದಂತೆ ಕ್ಷೇತ್ರ ಬೇಗನೆ ಕುಗ್ಗುತ್ತದೆ. ಅರ್ಧ ಬೆಳಕು, ಅರ್ಧ ಎಲೆಕ್ಟ್ರಾನುಗಳ ಚಲನೆಯಾಗಿರುವ ಈ ಅಲೆಗೆ ಮೇಲ್ಮೈ ಪ್ಲಾಸ್ಮಾನ್ ಪೋಲಾರಿಟಾನ್ ಎಂದು ಹೆಸರು. ಇಲ್ಲಿ ಪ್ಲಾಸ್ಮಾನ್ ಎಂದಷ್ಟೇ ಕರೆಯುತ್ತೇನೆ. ಅದೇ ಆವರ್ತನದ ಬಯಲ ಬೆಳಕಿಗಿಂತ ಇದರ ತರಂಗಾಂತರ ಕಡಿಮೆ, ಸಂವೇಗ ಹೆಚ್ಚು. ಹಾಗಾಗಿಯೇ ಗಾಳಿಯಿಂದ ನೇರವಾಗಿ ಬಿದ್ದ ಬೆಳಕು ನುಣುಪಾದ ಲೋಹದಲ್ಲಿ ಈ ಅಲೆಯನ್ನು ಎಬ್ಬಿಸಲಾರದು. ಕೊರತೆಯ ಸಂವೇಗವನ್ನು ಗಾಜಿನ ಪಟ್ಟಕವೋ, ಮೇಲ್ಮೈಯಲ್ಲಿ ಕೊರೆದ ಗೆರೆಗಳೋ ತುಂಬಿಕೊಡಬೇಕು.

ಈ ವಿದ್ಯಮಾನವನ್ನು ಎರಡು ವರ್ಗದ ಜನ ಬೇರೆ ಬೇರೆ ದಾರಿಯಿಂದ ಬಂದು ಕಂಡರು. ಬೆಳಕಿನ ಕಡೆಯಿಂದ ಬಂದವರಲ್ಲಿ ಮೊದಲಿಗ ರಾಬರ್ಟ್ ವುಡ್. 1902ರಲ್ಲಿ ಲೋಹದ ಗ್ರೇಟಿಂಗ್‌ನಿಂದ ಬಂದ ರೋಹಿತದಲ್ಲಿ ವಿವರಣೆಗೆ ಸಿಗದ ಕಪ್ಪು, ಬಿಳಿ ಪಟ್ಟಿಗಳನ್ನು ಅವರು ದಾಖಲಿಸಿದರು. ಎಲೆಕ್ಟ್ರಾನಿನ ಕಡೆಯಿಂದ ಬಂದವರು ಡೇವಿಡ್ ಬೋಮ್ ಮತ್ತು ಡೇವಿಡ್ ಪೈನ್ಸ್. 1950ರ ದಶಕದ ಆರಂಭದಲ್ಲಿ, ಲೋಹದೊಳಗಿನ ಎಲೆಕ್ಟ್ರಾನುಗಳು ಗುಂಪಾಗಿ ತೂಗಾಡುತ್ತವೆ, ಆ ತೂಗಾಟದ ಶಕ್ತಿ ಗುಳಿಗೆ ಗುಳಿಗೆಯಾಗಿ ಬರುತ್ತದೆ ಎಂದು ಅವರು ತೋರಿಸಿದರು. 1957ರಲ್ಲಿ ರೂಫಸ್ ರಿಚಿ, ತೆಳು ಲೋಹದ ಹಾಳೆಯನ್ನು ತೂರಿಹೋಗುವ ವೇಗದ ಎಲೆಕ್ಟ್ರಾನು ಆ ಗುಳಿಗೆಗಿಂತ ಕಡಿಮೆ ಶಕ್ತಿಯನ್ನೂ ಕಳೆದುಕೊಳ್ಳಬಹುದು, ಅದಕ್ಕೆ ಮೇಲ್ಮೈಯೇ ಕಾರಣ ಎಂದು ಲೆಕ್ಕ ಹಾಕಿದರು. ಎರಡೇ ವರ್ಷದಲ್ಲಿ ಪೊವೆಲ್ ಮತ್ತು ಸ್ವಾನ್ ಅಲ್ಯೂಮಿನಿಯಂ, ಮೆಗ್ನೀಸಿಯಂ ಲೋಹಗಳಲ್ಲಿ ಅದನ್ನು ಅಳೆದರು. ಅಲ್ಯೂಮಿನಿಯಂನ ಒಡಲಿನ ಗುಳಿಗೆ ಸುಮಾರು 15 ಎಲೆಕ್ಟ್ರಾನ್ ವೋಲ್ಟ್. ಮೇಲ್ಮೈಯದು 10ರ ಆಸುಪಾಸು. ಅಂದರೆ ಪ್ಲಾಸ್ಮಾನ್ ಹುಟ್ಟಿದ್ದೇ ಕ್ವಾಂಟಂ ಕಣವಾಗಿ. ಆಮೇಲೆ ಬೆಳಕಿನ ಎಂಜಿನಿಯರುಗಳ ಕೈಗೆ ಬಂದಾಗ ಆ ಹುಟ್ಟುಗುರುತು ಮರೆತುಹೋಯಿತು. ಲೋಹ ವಿದ್ಯುತ್ ಕ್ಷೇತ್ರಕ್ಕೆ ಹೇಗೆ ಸ್ಪಂದಿಸುತ್ತದೆ ಎಂದು ಹೇಳುವ ಪರಾವೈದ್ಯುತಾಂಕವನ್ನು ಮ್ಯಾಕ್ಸ್‌ವೆಲ್ ಸಮೀಕರಣಗಳಿಗೆ ಕೊಟ್ಟರೆ ಎಲ್ಲ ಉತ್ತರವೂ ಬರುತ್ತಿತ್ತು, ಕ್ವಾಂಟಂ ಯಾರಿಗೂ ಬೇಕಾಗಿರಲಿಲ್ಲ. ರಕ್ತದಲ್ಲಿನ ಪ್ರೋಟೀನು ಅಳೆಯುವ ಸಂವೇದಕಗಳು ಆ ಪಟ್ಟಕದ ಪ್ರಯೋಗದಿಂದಲೇ ಬಂದವು. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಅನೇಕ ಪರೀಕ್ಷಾ ಕಿಟ್‌ಗಳಲ್ಲಿ ಮೂಡುತ್ತಿದ್ದ ಕೆಂಪು ಗೆರೆ ಕೂಡ ಚಿನ್ನದ ನ್ಯಾನೊಕಣಗಳಲ್ಲಿನ ಪ್ಲಾಸ್ಮಾನ್‌ನ ಬಣ್ಣವೇ.

ಕ್ವಾಂಟಂ ಪ್ಲಾಸ್ಮಾನಿಕ್ಸ್ ಎಂಬ ಹೆಸರಿನಡಿ ಇಂದು ನಡೆಯುತ್ತಿರುವ ಸಂಶೋಧನೆಯಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ. ಅವನ್ನು ಬಿಡಿಸಿ ನೋಡದಿದ್ದರೆ ಈ ಕ್ಷೇತ್ರ ಅರ್ಥವಾಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೊದಲನೆಯದು ಬೆಳಕಿನ ಬಗ್ಗೆ: ಒಂದು ಫೋಟಾನ್ ಲೋಹದ ಮೇಲೆ ಅಲೆಯಾಗಿ ಓಡಿ, ಮತ್ತೆ ಫೋಟಾನ್ ಆಗಿ ಹೊರಬಂದರೆ, ಅದರ ಕ್ವಾಂಟಂ ಗುಣ ಉಳಿದಿರುತ್ತದೆಯೇ? ಎರಡನೆಯದು ಲೋಹದ ಬಗ್ಗೆ: ಲೋಹವೇ ಕೆಲವು ನ್ಯಾನೊಮೀಟರಿಗೆ ಇಳಿದಾಗ ಅದರ ಎಲೆಕ್ಟ್ರಾನುಗಳನ್ನು ನುಣ್ಣನೆಯ ದ್ರವದಂತೆ ಎಣಿಸುವುದು ಸರಿಯೇ? ಮೊದಲನೆಯದಕ್ಕೆ ಬಹುಮಟ್ಟಿಗೆ ಉತ್ತರ ಸಿಕ್ಕಿದೆ. ಎರಡನೆಯದರಲ್ಲಿ ಕೆಲಸ ಇನ್ನೂ ಬಾಕಿಯಿದೆ, ಮುಂದಿನ ಫಸಲು ಅಲ್ಲೇ ಇದೆ.

ಮೊದಲ ಪ್ರಶ್ನೆಗೆ ಗಟ್ಟಿಯಾದ ಪ್ರಯೋಗ ನಡೆದದ್ದು ನೆದರ್ಲೆಂಡ್ಸಿನ ಲೈಡನ್‌ನಲ್ಲಿ, 2002ರಲ್ಲಿ. ಆಲ್ಟೆವಿಷರ್, ವಾನ್ ಎಕ್ಸ್‌ಟರ್ ಮತ್ತು ವೂರ್ಡ್‌ಮನ್ 200 ನ್ಯಾನೊಮೀಟರ್ ದಪ್ಪದ ಚಿನ್ನದ ಪದರವನ್ನು ತೆಗೆದುಕೊಂಡರು. ಅದರ ತುಂಬ 200 ನ್ಯಾನೊಮೀಟರ್ ವ್ಯಾಸದ ತೂತುಗಳು, ಒಂದರಿಂದ ಒಂದಕ್ಕೆ 700 ನ್ಯಾನೊಮೀಟರ್ ದೂರ. ಬೆಳಕಿನ ತರಂಗಾಂತರಕ್ಕಿಂತ ತೂತು ಎಷ್ಟೋ ಚಿಕ್ಕದು. ಹಳೆಯ ಲೆಕ್ಕದಂತೆ ಅದರ ಮೂಲಕ ಬೆಳಕು ಹಾಯುವುದೇ ಅಪರೂಪ. ಆದರೆ ಅಂಥ ತೂತುಗಳ ಸಾಲಿನಿಂದ ನಿರೀಕ್ಷೆ ಮೀರಿ ಬೆಳಕು ಬರುತ್ತದೆ ಎಂದು ಥಾಮಸ್ ಎಬ್ಬೆಸನ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದ್ದರು. ಬೆಳಕು ಮೇಲ್ಮೈಯಲ್ಲಿ ಪ್ಲಾಸ್ಮಾನ್ ಆಗಿ, ತೂತಿನಲ್ಲಿ ನುಸುಳಿ, ಆಚೆ ಬದಿಯಲ್ಲಿ ಮತ್ತೆ ಬೆಳಕಾಗುತ್ತದೆ. ಲೈಡನ್ ಗುಂಪು ಧ್ರುವೀಕರಣದಲ್ಲಿ ಪರಸ್ಪರ ಹೆಣೆದುಕೊಂಡ, ಅಂದರೆ ಎಂಟ್ಯಾಂಗಲ್ ಆದ ಫೋಟಾನ್ ಜೋಡಿಗಳನ್ನು ತಯಾರಿಸಿ, ಜೋಡಿಯಲ್ಲೊಂದನ್ನು ಈ ಚಿನ್ನದ ಜರಡಿಯ ಮೂಲಕ ಕಳಿಸಿತು. ಬಹಳಷ್ಟು ಫೋಟಾನುಗಳು ಅಲ್ಲೇ ಕಳೆದುಹೋದವು. ಆದರೆ ದಾಟಿ ಬಂದವು ತಮ್ಮ ಜೊತೆಗಾರನೊಂದಿಗಿನ ಹೆಣಿಗೆಯನ್ನು ಬಹುಪಾಲು ಹಾಗೇ ಉಳಿಸಿಕೊಂಡಿದ್ದವು.

ಇದು ಆಗ ಅನೇಕರಿಗೆ ನಂಬಲಾಗದ ಮಾತಾಗಿತ್ತು. ಪ್ಲಾಸ್ಮಾನ್ ಎಂದರೆ ಲೆಕ್ಕವಿಲ್ಲದಷ್ಟು ಎಲೆಕ್ಟ್ರಾನುಗಳು ಒಟ್ಟಾಗಿ ಮಾಡುವ ಚಲನೆ. ಅಷ್ಟೊಂದು ಕಣಗಳು ಸೇರಿದ ಮೇಲೆ ಒಂದು ಫೋಟಾನಿನ ನವಿರಾದ ಸಂಬಂಧ ಚದುರಿಹೋಗಬೇಕಿತ್ತಲ್ಲ? ಉತ್ತರ ಇರುವುದು ನಷ್ಟಕ್ಕೂ ಕಲಬೆರಕೆಗೂ ಇರುವ ವ್ಯತ್ಯಾಸದಲ್ಲಿ. ತೂತು ಕೊಡದಲ್ಲಿ ಹೊತ್ತು ತಂದ ನೀರು ಕಡಿಮೆಯಾಗುತ್ತದೆ, ಉಳಿದದ್ದು ಕದಡುವುದಿಲ್ಲ. ಲೋಹ ಫೋಟಾನನ್ನು ನುಂಗಿದರೆ ಅದು ಬಿಸಿಯಾಗಿ ಮುಗಿಯಿತು, ಎಣಿಕೆಯಿಂದಲೇ ಹೊರಗೆ. ನುಂಗದೆ ಬಿಟ್ಟದ್ದರ ಹಂತ (ಫೇಸ್) ಸಂಬಂಧವನ್ನು ಲೋಹ ಕೆಣಕಿಲ್ಲ. ಎಲೆಕ್ಟ್ರಾನುಗಳು ಎಷ್ಟೇ ಇರಲಿ, ಅವುಗಳ ಸಾಮೂಹಿಕ ಚಲನೆಗೆ ಒಂದೇ ಒಂದು ಚರ, ಒಂದೇ ಒಂದು ಕಂಪನ. ಫೋಟಾನ್ ಇರುವುದು ಆ ಕಂಪನದಲ್ಲಿ, ಬಿಡಿ ಎಲೆಕ್ಟ್ರಾನುಗಳಲ್ಲಿ ಅಲ್ಲ. ಆದರೂ ಎಲ್ಲ ಬಗೆಯ ಕ್ವಾಂಟಂ ಸ್ಥಿತಿಯೂ ಇಷ್ಟೇ ಗಟ್ಟಿ ಎಂದು ತಿಳಿಯಬಾರದು. ಗೊಂದಲವನ್ನು ಒಂದು ಅಂಶದಲ್ಲಿ ಹಿಂಡಿ ಕಡಿಮೆ ಮಾಡಿದ ‘ಸ್ಕ್ವೀಜ಼್ಡ್’ ಬೆಳಕಿಗೆ ನಷ್ಟವೇ ನೇರ ಶತ್ರು. 2009ರಲ್ಲಿ ಡೆನ್ಮಾರ್ಕಿನ ಹುಕ್ ಮತ್ತು ಸಂಗಡಿಗರು ಚಿನ್ನದ ಅಲೆದಾರಿಯಲ್ಲಿ ಅಂಥ ಬೆಳಕನ್ನೂ ಸಾಗಿಸಿದರು. ಗುಣ ಉಳಿಯಿತು, ಆದರೆ ನಷ್ಟಕ್ಕೆ ತಕ್ಕಷ್ಟು ಸವೆದು.

ಜೋಡಿಗಳು ಉಳಿದವು, ಸರಿ. ಒಂಟಿ ಪ್ಲಾಸ್ಮಾನ್? 2007ರಲ್ಲಿ ಹಾರ್ವರ್ಡ್‌ನಲ್ಲಿ ಮಿಖಾಯಿಲ್ ಲುಕಿನ್ ಗುಂಪು ಬೆಳ್ಳಿಯ ನ್ಯಾನೊತಂತಿಯ ಪಕ್ಕದಲ್ಲಿ ಒಂದು ಕ್ವಾಂಟಂ ಚುಕ್ಕೆಯನ್ನು ಇಟ್ಟಿತು. ಚುಕ್ಕೆ ಒಂದು ಸಲಕ್ಕೆ ಒಂದೇ ಗುಳಿಗೆ ಶಕ್ತಿ ಬಿಡುತ್ತದೆ. ಆ ಗುಳಿಗೆ ಬಯಲಿಗೆ ಹಾರುವ ಬದಲು ತಂತಿಯ ಮೇಲೆ ಪ್ಲಾಸ್ಮಾನ್ ಆಗಿ ಓಡಿ, ತಂತಿಯ ತುದಿಯಲ್ಲಿ ಮಿಣುಕಿನಂತೆ ಹೊರಬಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೆಡೆ ಚುಕ್ಕೆಯ ಹೊಳಪು, ಅಲ್ಲಿಂದ ಸ್ವಲ್ಪ ದೂರದಲ್ಲಿ ತಂತಿಯ ತುದಿಯ ಹೊಳಪು. ಎರಡೂ ಒಂದೇ ಕ್ಷಣದಲ್ಲಿ ಹೊಳೆಯುವುದಿಲ್ಲ. ಗುಳಿಗೆ ಒಂದೇ ಆಗಿದ್ದರೆ ಅದು ಇಲ್ಲಿರಬೇಕು ಇಲ್ಲವೇ ಅಲ್ಲಿರಬೇಕು. ಎರಡು ವರ್ಷದ ಮೇಲೆ ಸ್ಟುಟ್‌ಗಾರ್ಟ್‌ನಲ್ಲಿ ಕೊಲೆಸೋವ್ ಮತ್ತು ಜೊತೆಗಾರರು ವಜ್ರದೊಳಗಿನ ದೋಷಕೇಂದ್ರವೊಂದನ್ನು ಬಳಸಿ, ಒಂಟಿ ಪ್ಲಾಸ್ಮಾನ್ ತನ್ನೊಂದಿಗೆ ತಾನೇ ವ್ಯತಿಕರಣ ಹೊಂದುವುದನ್ನೂ ತೋರಿಸಿದರು. ಅಲೆಯೂ ಹೌದು, ಕಣವೂ ಹೌದು ಎಂಬ ಹಳೆಯ ಮಾತು ಲೋಹದ ತಂತಿಯ ಮೇಲೂ ನಿಜವಾಯಿತು.

ಇನ್ನು ಎರಡು ಪ್ಲಾಸ್ಮಾನುಗಳ ಪರಸ್ಪರ ಪರಿಚಯ. ಸತ್ಯೇಂದ್ರನಾಥ ಬೋಸ್ 1924ರಲ್ಲಿ ಢಾಕಾದಲ್ಲಿ ಕೂತು ಬೆಳಕಿನ ಕಣಗಳನ್ನು ಗುರುತಿಲ್ಲದ ಸಮಾನರೆಂದು ಎಣಿಸಿದ್ದರ ಒಂದು ಫಲ ಇದು: ತದ್ರೂಪಿಯಾದ ಎರಡು ಫೋಟಾನುಗಳು ಅರೆಪಾರದರ್ಶಕ ಕನ್ನಡಿಯೊಂದರ ಎರಡು ಬದಿಗೆ ಒಂದೇ ಹೊತ್ತಿಗೆ ಬಂದರೆ, ಎರಡೂ ಒಟ್ಟಾಗಿ ಒಂದೇ ಬದಿಯಿಂದ ಹೊರಡುತ್ತವೆ. ಬೇರೆ ಬೇರೆ ಬಾಗಿಲಿನಿಂದ ಹೊರಡುವ ಎರಡು ಸಾಧ್ಯತೆಗಳು ಒಂದನ್ನೊಂದು ರದ್ದುಮಾಡುತ್ತವೆ. 1987ರಲ್ಲಿ ಹಾಂಗ್, ಊ, ಮ್ಯಾಂಡೆಲ್ ಇದನ್ನು ಅಳೆದರು. ಎರಡು ಬದಿಯ ಪತ್ತೆಕಾರಕಗಳು ಒಟ್ಟಿಗೆ ಸದ್ದು ಮಾಡುವ ಎಣಿಕೆ ಆ ಹೊತ್ತಿನಲ್ಲಿ ತಗ್ಗಿಗೆ ಬೀಳುತ್ತದೆ. ತಗ್ಗು ಅರ್ಧಕ್ಕಿಂತ ಆಳವಾದರೆ ಸಾಧಾರಣ ಅಲೆಗಳಿಂದ ಅದನ್ನು ವಿವರಿಸಲಾಗದು. 2013 ಮತ್ತು 2014ರಲ್ಲಿ ಡೆಲ್ಫ್ಟ್, ಲಂಡನ್ ಮತ್ತು ಕ್ಯಾಲ್‌ಟೆಕ್ ಗುಂಪುಗಳು ಕನ್ನಡಿಯ ಬದಲಿಗೆ ಲೋಹದ ಮೇಲಿನ ಪ್ಲಾಸ್ಮಾನ್ ಕವಲುಗಳನ್ನು ಇಟ್ಟು ಇದನ್ನೇ ಮಾಡಿದವು. ಹ್ಯಾರಿ ಆಟ್‌ವಾಟರ್ ಅವರ ಕ್ಯಾಲ್‌ಟೆಕ್ ಗುಂಪು ಪಡೆದ ತಗ್ಗು ಶೇ. 90ಕ್ಕಿಂತ ಆಳವಾಗಿತ್ತು. ಎಲೆಕ್ಟ್ರಾನುಗಳು ಫರ್ಮಿಯಾನುಗಳು, ಒಂದೇ ಸ್ಥಿತಿಯಲ್ಲಿ ಎರಡಿರಲು ಒಪ್ಪದ ಜಾತಿ. ಅವುಗಳಿಂದಲೇ ಆದ ಸಾಮೂಹಿಕ ಅಲೆ, ಬೋಸ್ ಎಣಿಸಿದ ಜಾತಿಯ ಕಣದಂತೆ, ಅಂದರೆ ಬೋಸಾನ್‌ನಂತೆ ಅಚ್ಚುಕಟ್ಟಾಗಿ ನಡೆದುಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಈ ಸರಣಿಯಲ್ಲಿ ನನ್ನನ್ನು ಬಹುವಾಗಿ ಹಿಡಿದಿಟ್ಟ ಪ್ರಯೋಗ 2017ರದು, ಫ್ರಾನ್ಸಿನ ಬೆಂಜಮಿನ್ ವೆಸ್ಟ್ ಮತ್ತು ಸಂಗಡಿಗರದು. ಅದುವರೆಗೆ ಎಲ್ಲರೂ ಲೋಹದ ನಷ್ಟವನ್ನು ಸಹಿಸಿಕೊಂಡು ಬಂದಿದ್ದರು. ಇವರು ನಷ್ಟವನ್ನೇ ಉಪಕರಣ ಮಾಡಿಕೊಂಡರು. ನಷ್ಟವಿಲ್ಲದ ಸಮಾಂಗ ಕನ್ನಡಿಯಲ್ಲಿ ಹಾದುಹೋದ ಬೆಳಕಿಗೂ ತಿರುಗಿಬಂದ ಬೆಳಕಿಗೂ ನಡುವಿನ ಹಂತದ ವ್ಯತ್ಯಾಸ 90 ಡಿಗ್ರಿಯೇ ಆಗಿರಬೇಕು. ಶಕ್ತಿಯ ಸಂರಕ್ಷಣೆ ಹಾಗೆ ಕಟ್ಟುಮಾಡುತ್ತದೆ. ಬೋಸಾನುಗಳು ಕೂಡಿ ಹೊರಡುವುದಕ್ಕೆ ಆ 90 ಡಿಗ್ರಿಯೇ ಕಾರಣ. ಕನ್ನಡಿಯೇ ಸ್ವಲ್ಪ ಬೆಳಕನ್ನು ನುಂಗುವಂತಿದ್ದರೆ ಆ ಕಟ್ಟು ಸಡಿಲುತ್ತದೆ. ಚಿನ್ನದ ಮೇಲ್ಮೈಯಲ್ಲಿ ಕೊರೆದ ಗೀರುಗಳ ಅಳತೆಯನ್ನು ಬದಲಿಸಿ ವೆಸ್ಟ್ ಗುಂಪು ಹಂತವನ್ನು ತನಗೆ ಬೇಕಾದ ಕಡೆಗೆ ತಿರುಗಿಸಿತು. ಒಂದು ಮಾದರಿಯಲ್ಲಿ ಎಂದಿನ ತಗ್ಗು ಬಂತು. ಇನ್ನೊಂದರಲ್ಲಿ ತಗ್ಗು ಇದ್ದ ಜಾಗದಲ್ಲಿ ದಿಬ್ಬ! ಬೋಸಾನುಗಳು ಬೇರೆ ಬೇರೆ ಬಾಗಿಲಿನಿಂದ ಹೊರಡಲು ಒಲವು ತೋರಿದವು. ಆದರ್ಶ ಸ್ಥಿತಿಯ ಲೆಕ್ಕ ಇನ್ನೂ ಸೊಗಸಾದದ್ದು: ಆ ಕನ್ನಡಿಗೆ ಬಂದ ಜೋಡಿಯಲ್ಲಿ ಒಂದು ಮಾತ್ರ ಕಳೆದುಹೋಗುವುದು ಸಾಧ್ಯವೇ ಇಲ್ಲ. ಎರಡೂ ಒಟ್ಟಿಗೆ ಉಳಿಯುತ್ತವೆ, ಇಲ್ಲವೇ ಎರಡೂ ಒಟ್ಟಿಗೆ ಲೋಹದಲ್ಲಿ ಕರಗುತ್ತವೆ. ಬಿಡಿ ಫೋಟಾನಿನ ನಷ್ಟ ಬರೀ ಆಕಸ್ಮಿಕ ಸೋರಿಕೆ ಎಂಬ ಸರಳ ಚಿತ್ರ ಇಲ್ಲಿ ಸಾಲದು, ನಷ್ಟಕ್ಕೂ ವ್ಯತಿಕರಣವಿದೆ. 2021ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ಮಗಾನ್ಯಾ ಲೊಯಾಜಾ ಗುಂಪು, ಪ್ಲಾಸ್ಮಾನ್ ಕ್ಷೇತ್ರಗಳ ಚದುರುವಿಕೆ ಬೆಳಕಿನ ಫೋಟಾನ್ ಎಣಿಕೆಯ ಅಂಕಿಅಂಶವನ್ನೇ ಬದಲಿಸಬಲ್ಲುದು ಎಂದು ತೋರಿಸಿ, ‘ಲೋಹ ಎಂದಿಗೂ ಅಂಕಿಅಂಶ ಕೆಡಿಸದು’ ಎಂಬ ನಂಬಿಕೆಗೂ ಮಿತಿ ಹಾಕಿತು.

ಹಾಗಾದರೆ ಕ್ವಾಂಟಂ ಕಂಪ್ಯೂಟರಿನ ತಂತಿಗಳನ್ನು ಬೆಳ್ಳಿ, ಚಿನ್ನದಲ್ಲಿ ಎಳೆಯಬಹುದೇ? ಇಪ್ಪತ್ತು ವರ್ಷದ ಹಿಂದೆ ಬಹಳ ಜನ ಹಾಗೆ ಆಸೆಪಟ್ಟಿದ್ದರು. ಕಾರಣವೂ ಇತ್ತು. ಬೆಳಕಿನ ಸಾಮಾನ್ಯ ಅಲೆದಾರಿಯನ್ನು ತರಂಗಾಂತರದ ಅರ್ಧಕ್ಕಿಂತ ತೆಳುವಾಗಿಸುವುದು ಕಷ್ಟ, ಪ್ಲಾಸ್ಮಾನ್‌ಗೆ ಆ ತೊಡಕಿಲ್ಲ. ಮೇಲಾಗಿ ಕೆಂಪು ಬೆಳಕಿನ ಪ್ಲಾಸ್ಮಾನ್ ಗುಳಿಗೆ ಸುಮಾರು 2 ಎಲೆಕ್ಟ್ರಾನ್ ವೋಲ್ಟ್. ಕೋಣೆಯ ಉಷ್ಣತೆಯ ತಳಮಳ ಅದರ ಎಂಬತ್ತರಲ್ಲಿ ಒಂದು ಭಾಗ ಮಾತ್ರ. ಸೂಪರ್‌ಕಂಡಕ್ಟರ್ ಸರ್ಕ್ಯೂಟುಗಳಂತೆ ಹೀಲಿಯಂ ಚಳಿಯಲ್ಲಿ ಕೂಡಿಡಬೇಕಿಲ್ಲ. ಆದರೆ ನಷ್ಟದ ಲೆಕ್ಕ ಕಠೋರ. ಗೋಚರ ಬೆಳಕಿನಲ್ಲಿ ಬೆಳ್ಳಿಯ ಮೇಲೂ ಅಲೆ ಓಡುವುದು ಕೆಲವು ಹತ್ತು ಮೈಕ್ರೊಮೀಟರ್ ಅಷ್ಟೆ. ನ್ಯಾನೊಕಣಗಳಲ್ಲಿ ಸಿಕ್ಕಿಬಿದ್ದ ಪ್ಲಾಸ್ಮಾನ್ ಬದುಕುವುದು ಹತ್ತಿಪ್ಪತ್ತು ಫೆಮ್ಟೊಸೆಕೆಂಡ್. ಅಲೆಯನ್ನು ಬಿಗಿಯಾಗಿ ಹಿಡಿದಷ್ಟೂ ಹೆಚ್ಚು ಭಾಗ ಲೋಹದೊಳಗೆ ಹೋಗುತ್ತದೆ, ನಷ್ಟವೂ ಏರುತ್ತದೆ. ಸಾವಿರಾರು ಕವಲುಗಳ ಸರ್ಕ್ಯೂಟಿನಲ್ಲಿ ಪ್ರತಿ ಕವಲಿಗೂ ಒಂದಷ್ಟು ಪಾಲು ಸುಂಕ ಕಟ್ಟಿದರೆ ಕೊನೆಗೆ ಉಳಿಯುವುದು ಏನೂ ಇಲ್ಲ. ಕ್ಯಾಲ್‌ಟೆಕ್ ಗುಂಪು ಕೂಡ ಫೋಟಾನುಗಳನ್ನು ಗಾಜಿನಂಥ ಅಲೆದಾರಿಯಲ್ಲಿ ತಂದು, ಕವಲಿನ ಕೆಲವೇ ಮೈಕ್ರೊಮೀಟರುಗಳಲ್ಲಿ ಮಾತ್ರ ಪ್ಲಾಸ್ಮಾನ್ ಆಗಿಸಿತ್ತು. ದೂರದ ಓಟಕ್ಕೆ ಲೋಹ ತಕ್ಕುದಲ್ಲ. ಬೆರ್ಗ್‌ಮನ್ ಮತ್ತು ಸ್ಟಾಕ್‌ಮನ್ 2003ರಲ್ಲಿ ಸೂಚಿಸಿದ, 2009ರಲ್ಲಿ ಕೈಗೂಡಿದ ಪ್ಲಾಸ್ಮಾನ್ ಲೇಸರ್ ನಷ್ಟಕ್ಕೆ ಮದ್ದಾದೀತು ಎಂದವರಿದ್ದರು. ಆದರೆ ನಷ್ಟ ತುಂಬಲು ಬೆಳಕನ್ನು ವರ್ಧಿಸಿದರೆ ಅದರ ಜೊತೆಗೇ ಗದ್ದಲವೂ ಸೇರುತ್ತದೆ; ಕ್ವಾಂಟಂ ಸ್ಥಿತಿಗೆ ಅದು ನಷ್ಟದಷ್ಟೇ ಹಾನಿ.

ಎರಡನೆಯ ಪ್ರಶ್ನೆಗೆ ಬಂದರೆ 2012 ಒಂದು ಸುಗ್ಗಿಯ ವರ್ಷ. ಸ್ಟ್ಯಾನ್‌ಫರ್ಡ್‌ನಲ್ಲಿ ಶೋಲ್, ಕೋ ಮತ್ತು ಜೆನಿಫರ್ ಡಿಯೋನ್ ಬೆಳ್ಳಿಯ ಒಂದೊಂದೇ ಕಣವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು, 20 ನ್ಯಾನೊಮೀಟರಿನಿಂದ 2ಕ್ಕಿಂತ ಕೆಳಗಿನವರೆಗೆ ಅವುಗಳ ಅನುರಣನವನ್ನು, ಅಂದರೆ ಪ್ಲಾಸ್ಮಾನ್ ಬಲವಾಗಿ ಏಳುವ ಶಕ್ತಿಯನ್ನು, ಅಳೆದರು. ಕಣ ಚಿಕ್ಕದಾದಂತೆ ಅನುರಣನ ನೀಲಿಯ ಕಡೆಗೆ ಸರಿಯಿತು, ಸುಮಾರು ಅರ್ಧ ಎಲೆಕ್ಟ್ರಾನ್ ವೋಲ್ಟಿನಷ್ಟು. ಹಳೆಯ ಸಿದ್ಧಾಂತದಲ್ಲಿ ಇಷ್ಟು ದೊಡ್ಡ ಪಲ್ಲಟಕ್ಕೆ ಜಾಗವಿಲ್ಲ. ಕಣದೊಳಗೆ ಎಲೆಕ್ಟ್ರಾನಿನ ಶಕ್ತಿಮಟ್ಟಗಳು ಬಿಡಿಬಿಡಿಯಾಗತೊಡಗಿದಾಗ ಹೀಗಾಗುತ್ತದೆ. ಅದೇ ವರ್ಷ ಕೇಂಬ್ರಿಜ್‌ನಲ್ಲಿ ಜೆರೆಮಿ ಬಾಮ್‌ಬರ್ಗ್ ಗುಂಪು ಚಿನ್ನದ ಎರಡು ಚೂಪು ತುದಿಗಳನ್ನು ಎದುರುಬದುರು ಇಟ್ಟು ಹತ್ತಿರ ಹತ್ತಿರ ತಂದಿತು. ಸಂದು ಕಿರಿದಾದಷ್ಟೂ ಅದರೊಳಗಿನ ಬೆಳಕು ತೀವ್ರವಾಗುತ್ತ, ಬಣ್ಣ ಕೆಂಪಿನತ್ತ ಸರಿಯುತ್ತ ಹೋಗಬೇಕು. 0.3 ನ್ಯಾನೊಮೀಟರ್ ಬಳಿ ಬಂದಾಗ ಆ ಓಟ ತಿರುವು ತೆಗೆದುಕೊಂಡಿತು. ತುದಿಗಳು ಇನ್ನೂ ಮುಟ್ಟಿರಲಿಲ್ಲ, ಆದರೆ ಎಲೆಕ್ಟ್ರಾನುಗಳು ಸುರಂಗ ಪರಿಣಾಮದಿಂದ ಆಚೆಗೆ ಹಾಯತೊಡಗಿದ್ದವು. ಡ್ಯೂಕ್ ವಿಶ್ವವಿದ್ಯಾಲಯದ ಡೇವಿಡ್ ಸ್ಮಿತ್ ಗುಂಪು ಚಿನ್ನದ ಹಾಳೆಯ ಮೇಲೆ ಚಿನ್ನದ ಗುಂಡುಗಳನ್ನು ಅಣುಗಳ ತೆಳು ಹಾಸಿನ ಮೇಲೆ ಕೂರಿಸಿ ಇನ್ನೊಂದು ಮಿತಿಯನ್ನು ಕಂಡಿತು. ಎಲೆಕ್ಟ್ರಾನುಗಳು ಒಂದನ್ನೊಂದು ತಳ್ಳುವುದರಿಂದ ಮೇಲ್ಮೈಯ ಒಂದೇ ಬಿಂದುವಿನಲ್ಲಿ ಅವನ್ನು ಒತ್ತರಿಸಿಡಲಾಗದು. ಹಾಗಾಗಿ ಸುರಂಗ ಶುರುವಾಗುವ ಮೊದಲೇ ಬೆಳಕಿನ ತೀವ್ರತೆಗೆ ಒಂದು ಮೇಲ್ಮಿತಿ ಬೀಳುತ್ತದೆ.

ಈ ಸಂದುಗಳಲ್ಲೇ ಪ್ಲಾಸ್ಮಾನ್‌ನ ನಿಜವಾದ ನೆಲೆಯಿದೆ ಎಂದು ನಾನು ನಂಬುತ್ತೇನೆ. 2016ರಲ್ಲಿ ರೋಹಿತ್ ಚಿಕ್ಕರಡ್ಡಿ ಮತ್ತು ಬಾಮ್‌ಬರ್ಗ್ ಗುಂಪಿನವರು ಚಿನ್ನದ ಕನ್ನಡಿಗೂ ಚಿನ್ನದ ಕಣಕ್ಕೂ ನಡುವೆ 0.9 ನ್ಯಾನೊಮೀಟರ್ ಸಂದು ಮಾಡಿ, ಪೀಪಾಯಿಯಾಕಾರದ ಕುಕರ್ಬಿಟ್‌ಯೂರಿಲ್ ಅಣುವಿನೊಳಗೆ ಮೆಥಿಲೀನ್ ಬ್ಲೂ ಎಂಬ ಬಣ್ಣದ ಒಂದು ಅಣುವನ್ನು ನಿಲ್ಲಿಸಿದರು. ಬಣ್ಣದ ಅಣು ಮಲಗಿಬಿಟ್ಟರೆ ಪ್ರಯೋಗ ಕೆಡುತ್ತದೆ. ಪೀಪಾಯಿ ಅದನ್ನು ನೆಟ್ಟಗೆ, ಸಂದಿನ ಕ್ಷೇತ್ರದ ದಿಕ್ಕಿಗೇ ಹಿಡಿದಿಡುತ್ತದೆ. ಬೆಳಕು ಸೆರೆಯಾಗಿದ್ದ ಜಾಗ 40 ಘನ ನ್ಯಾನೊಮೀಟರಿಗೂ ಕಡಿಮೆ. ಅಲ್ಲಿ ಅಣುವಿಗೂ ಪ್ಲಾಸ್ಮಾನ್‌ಗೂ ನಡುವೆ ಶಕ್ತಿ ಎಷ್ಟು ಬೇಗ ಅತ್ತಿತ್ತ ಹೋಗಿಬರುತ್ತದೆಂದರೆ ಲೋಹ ನುಂಗುವುದಕ್ಕೂ ಅವಕಾಶ ಸಿಗುವುದಿಲ್ಲ. ಇವೆರಡೂ ಬೇರೆ ಬೇರೆ ಎನ್ನಲಾಗದೆ ಒಂದೇ ಕ್ವಾಂಟಂ ವಸ್ತುವಾಗುತ್ತವೆ, ಅದೂ ಕೋಣೆಯ ಉಷ್ಣತೆಯಲ್ಲಿ, ಒಂದೇ ಒಂದು ಅಣುವಿನೊಂದಿಗೆ. ಅದೇ ವರ್ಷ ಇದೇ ಪ್ರಯೋಗಾಲಯ, ಸಂದಿನೊಳಗೆ ಚಿನ್ನದ ಒಂದು ಪರಮಾಣು ಎದ್ದು ನಿಂತರೆ ಬೆಳಕು ಅದರ ಸುತ್ತ ಇನ್ನೂ ಬಿಗಿಯಾಗಿ ಸೇರಿಕೊಳ್ಳುತ್ತದೆ ಎಂದೂ ತೋರಿಸಿತು. ಒಂದು ಪರಮಾಣು ಬೆಳಕಿನ ಆಕಾರವನ್ನು ನಿರ್ಧರಿಸುವ ಮಟ್ಟ ಅದು.

ಅಲ್ಲಿ ಅಣುವನ್ನು ಗುರುತು ಹಿಡಿಯುವುದು ರಾಮನ್ ಪರಿಣಾಮದಿಂದ. 1928ರಲ್ಲಿ ಕಂಡುಹಿಡಿದ ಆ ಪರಿಣಾಮ ಸ್ವಭಾವತಃ ಬಹಳ ಕ್ಷೀಣ, ಅಸಂಖ್ಯ ಅಣುಗಳು ಸೇರಿದರೆ ಮಾತ್ರ ಕಾಣುವಂಥದು. ಒರಟಾದ ಬೆಳ್ಳಿಯ ಮೇಲೆ ಕೂತ ಅಣುಗಳಲ್ಲಿ ಅದು ಎಷ್ಟೋ ಪಟ್ಟು ಹೆಚ್ಚುತ್ತದೆ ಎಂಬುದು 1970ರ ದಶಕದಲ್ಲಿ ತಿಳಿಯಿತು. ಹೆಚ್ಚಿಸುವುದು ಪ್ಲಾಸ್ಮಾನ್. ಈ ಕೆಲಸಕ್ಕೆ ಬೆಂಗಳೂರಿನ ನಂಟೂ ಇದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಚಂದ್ರಭಾಸ ನಾರಾಯಣ ಅವರ ಪ್ರಯೋಗಾಲಯ ಈ ವರ್ಧಿತ ರಾಮನ್ ಚದುರುವಿಕೆಯಲ್ಲಿ ಕೆಲಸ ಮಾಡಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೈದೀಪ್ ಬಸು ಗುಂಪು ಕ್ವಾಂಟಂ ಚುಕ್ಕೆಗಳ ತೆಳುಪದರಕ್ಕೆ ಲೋಹದ ಕಣಗಳನ್ನು ಸೇರಿಸಿ, ಅವುಗಳ ಬೆಳಕು ಯಾವಾಗ ಹೆಚ್ಚುತ್ತದೆ, ಯಾವಾಗ ನಂದುತ್ತದೆ ಎಂದು ಹುಡುಕಿದೆ.

ಸಂವೇದಕಗಳಲ್ಲೂ ಕ್ವಾಂಟಂ ಒಂದು ಬಾಗಿಲು ತೆರೆದಿದೆ. ಲೇಸರಿನ ಫೋಟಾನುಗಳು ಒಂದು ಕ್ರಮವಿಲ್ಲದೆ ಬರುವುದರಿಂದ ಅಳತೆಯಲ್ಲಿ ಒಂದು ಗದ್ದಲ ಇದ್ದೇ ಇರುತ್ತದೆ. ಬೆಳಕನ್ನು ಹೆಚ್ಚಿಸಿ ಅದನ್ನು ತಗ್ಗಿಸಬಹುದು, ಆದರೆ ಜೀವಕೋಶವೋ ಪ್ರೋಟೀನೋ ಅಷ್ಟು ಬೆಳಕನ್ನು ತಾಳದು. ಗೊಂದಲ ಹಿಂಡಿದ ಬೆಳಕನ್ನು ಪ್ಲಾಸ್ಮಾನ್ ಸಂವೇದಕಕ್ಕೆ ಕೊಟ್ಟರೆ ಅಷ್ಟೇ ಬೆಳಕಿನಲ್ಲಿ ಹೆಚ್ಚು ಸೂಕ್ಷ್ಮತೆ ಸಿಗುತ್ತದೆ ಎಂದು ಪೂಸರ್, ಲಾರಿ, ಮರೀನೊ ಮೊದಲಾದವರು 2018ರ ಹೊತ್ತಿಗೆ ತೋರಿಸಿದ್ದಾರೆ. ಲಾಭ ಸಾಧಾರಣ, ಆದರೆ ನಿಜ.

ಉಳಿದಿರುವುದು ಎರಡು ಪ್ರಶ್ನೆಗಳೂ ಒಂದೇ ಕಡೆ ಕೂಡುವ ಜಾಗ. ಬೆಳಕನ್ನು ಕ್ವಾಂಟಂ ಎಂದು ಹಿಡಿದು ಲೋಹವನ್ನು ಬರೀ ಪರಾವೈದ್ಯುತಾಂಕವಾಗಿ ಇಡುವ ಲೆಕ್ಕ ಲೈಡನ್‌ನಿಂದ ವೆಸ್ಟ್‌ವರೆಗಿನ ಪ್ರಯೋಗಗಳಿಗೆಲ್ಲ ಸಾಕಾಯಿತು. ಲೋಹದ ಎಲೆಕ್ಟ್ರಾನುಗಳನ್ನು ಕ್ವಾಂಟಂ ಎಂದು ಹಿಡಿದು ಬೆಳಕನ್ನು ಸಾಧಾರಣ ಅಲೆಯಾಗಿ ಇಡುವ ಲೆಕ್ಕ 2012ರ ಪ್ರಯೋಗಗಳಿಗೆ ಸಾಕಾಯಿತು. ಮೇಲ್ಮೈಯ ಎಲೆಕ್ಟ್ರಾನುಗಳು ಎಷ್ಟು ಹೊರಚೆಲ್ಲುತ್ತವೆ ಎಂಬುದನ್ನು ಒಂದೆರಡು ಅಂಕಿಗಳಲ್ಲಿ ಹಿಡಿದು ಮ್ಯಾಕ್ಸ್‌ವೆಲ್ ಸಮೀಕರಣಕ್ಕೆ ಸೇರಿಸುವ ಪೀಟರ್ ಫೀಬೆಲ್‌ಮನ್ ಅವರ ವಿಧಾನವನ್ನು ಎಂಐಟಿಯವರು 2019ರಲ್ಲಿ ಪ್ರಯೋಗದೊಂದಿಗೆ ಜೋಡಿಸಿ ಆ ಲೆಕ್ಕವನ್ನು ಕೈಗೆಟಕುವಂತೆ ಮಾಡಿದರು. ಆದರೆ ಸಂದಿನಲ್ಲಿ ಒಂದೇ ಪ್ಲಾಸ್ಮಾನ್ ಇದ್ದು, ಒಂದೇ ಅಣು ಅದರೊಂದಿಗೆ ಬೆರೆತು, ಅದೇ ಹೊತ್ತಿಗೆ ಎಲೆಕ್ಟ್ರಾನುಗಳೂ ಆಚೆಗೆ ಸುರಂಗ ಹಾಯುತ್ತಿದ್ದರೆ, ಎರಡನ್ನೂ ಒಟ್ಟಿಗೆ ಕ್ವಾಂಟಂ ಆಗಿ ಎಣಿಸಬೇಕಾಗುತ್ತದೆ. ಚಿನ್ನದ ಆ ಸಂದಿನಲ್ಲಿ ಪರಮಾಣುಗಳ ಸಂಖ್ಯೆಯೇ ಪೂರ್ತಿ ಲೆಕ್ಕಕ್ಕೆ ದೊಡ್ಡದು, ಸರಾಸರಿ ಹಿಡಿಯಲು ಚಿಕ್ಕದು. ಈಗ ಹಲವು ಗುಂಪುಗಳು ಗುದ್ದಾಡುತ್ತಿರುವುದು ಈ ನಡುವಣ ಗಾತ್ರದೊಂದಿಗೇ.